ಎಲೆತೋಟಕ್ಕೆ ಹೋದ ಯುಕ್ಕಾ

ನನಗೆ ಗಿಡಗಳ ಬಗ್ಗೆ ಎಲ್ಲವೂ ಗೊತ್ತು ಎಂದು ಹಾನಗಲ್ ತಾಲ್ಲೂಕಿನ ಅರ್ಧ ಜನ ನಂಬಿದ್ದರು. ಉಳಿದರ್ಧ ಜನ ಬೇರೆ ಅಂಗಡಿಗೆ ಹೋಗುತ್ತಿದ್ದರು. ಮೆಟ್ರಿಕ್ ಮುಗಿಸಿದ ವರ್ಷವೇ ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಳಿತವನು, ಮಗ ಬಂದು "ಅಪ್ಪಾ, ಇನ್ನ ಸಾಕು, ಏಳ್ರಿ" ಎನ್ನುವತನಕ ಏಳಲಿಲ್ಲ. ಗೋವಿನಜೋಳದ ಎಲೆ ಹಳದಿಯಾದರೆ ಏನು ಹಾಕಬೇಕು, ಹತ್ತಿಗೆ ಹುಳ ಬಿದ್ದರೆ ಏನು ಹೊಡೆಯಬೇಕು, ಎಲ್ಲವನ್ನೂ ಕುಳಿತಲ್ಲಿಂದಲೇ ಹೇಳುತ್ತಿದ್ದೆ. ಹೇಳುವಾಗ ನನ್ನ ಧ್ವನಿ ಎಷ್ಟು ಗಂಭೀರವಾಗಿರುತ್ತಿತ್ತೆಂದರೆ ಒಂದು ಸಣ್ಣ ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಹೊಲವನ್ನು ನೋಡಿಕೊಂಡವನು ನನ್ನ ತಮ್ಮ. ನಾನು ಈ ಜನ್ಮದಲ್ಲಿ ಒಂದು ಬದನೆ ಗಿಡವನ್ನೂ ಬೆಳೆದವನಲ್ಲ.

ಇದು ಗೊತ್ತಿದ್ದದ್ದು ನನ್ನ ಹೆಂಡತಿ ಗಿರಿಜವ್ವನಿಗೆ ಮಾತ್ರ. ಆಕೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅಂಥವಳಿಗೆ ನಾನು ಮಾಡಿದ್ದೇನೆಂದು ಈಗ ಹೇಳುತ್ತೇನೆ. ನಗುವವರು ನಗಬಹುದು. ನಮ್ಮ ಮನೆಯಲ್ಲಿ ಈಗಾಗಲೇ ನಕ್ಕಿದ್ದಾರೆ.

ಎರಡು ವರ್ಷದ ಹಿಂದೆ ಗಿರಿಜಳ ಕಣ್ಣು ಮಂದವಾಗತೊಡಗಿತು. ಪೊರೆ ಬಂದಿರಬೇಕೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿ, ಇದು ಪೊರೆಯಲ್ಲ, ಕಣ್ಣಿನ ನರವೇ ಒಣಗುತ್ತಿದೆ ಎಂದರು. ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು. ಅದೂ ಎಷ್ಟು ದಿನ ಎಂದು ಹೇಳಲಾಗದು. ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕುಳಿತಿದ್ದಳು. ಬಸ್ಸು ಶಿಗ್ಗಾಂವಿ ದಾಟಿತು. ಆಮೇಲೆ ಹೇಳಿದಳು:

"ಆ ಹೂವು ಒಮ್ಮೆ ನೋಡಬೇಕಾಗೇತ್ರಿ."

"ಯಾವ ಹೂವು?"

"ಅವ್ವನ ಫೋಟೋದಾಗಿಂದು. ಅವ್ವನ್ನಂತೂ ನೋಡಾಕ ಆಗೂದಿಲ್ಲ. ಹೂವಾದರೂ ನೋಡತೇನಿ, ಕಣ್ಣು ಪೂರಾ ಹೋಗೂದರಾಗ."

ಆ ಫೋಟೋದ ವಿಷಯ ನಿಮಗೆ ಹೇಳಬೇಕು. ಗಿರಿಜಳ ತವರು ಹಿರೇಕೆರೂರ ಕಡೆಯ ಹಳ್ಳಿ. ಅವಳಪ್ಪ ಮಿಲಿಟರಿಯಲ್ಲಿದ್ದರು. ನೀಲಗಿರಿ ಬೆಟ್ಟದ ಮೇಲಿನ ಕ್ವಾರ್ಟರ್ಸಿಗೆ ವರ್ಗವಾದಾಗ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಚಳಿಯಲ್ಲಿ ತಾಯಿಗೆ ಜ್ವರ ಬಂತು; ಹೋದ ಮೂವರಲ್ಲಿ ಮರಳಿ ಬಂದವರು ಇಬ್ಬರು. ತಾಯಿ-ಮಗಳು ಒಟ್ಟಿಗೆ ಇರುವುದು ಒಂದೇ ಒಂದು ಫೋಟೋ. ಅದರಲ್ಲಿ ತಾಯಿ ಕ್ವಾರ್ಟರ್ಸಿನ ಮುಂದೆ ನಿಂತಿದ್ದಾಳೆ, ಮಗಳು ಅವಳ ಸೆರಗು ಹಿಡಿದಿದ್ದಾಳೆ. ಬಿಸಿಲಿಗೋ ಏನೋ ತಾಯಿ ಮುಖ ತಿರುಗಿಸಿಬಿಟ್ಟಿದ್ದರಿಂದ ಮುಖ ಸರಿಯಾಗಿ ಬಿದ್ದಿಲ್ಲ. ಪಕ್ಕದ ಗಿಡ ಮಾತ್ರ ಬಹಳ ಸ್ಪಷ್ಟವಾಗಿ ಬಿದ್ದಿದೆ. ನೆಲದಿಂದಲೇ ಎದ್ದ ಕತ್ತಿಯಂಥ ಎಲೆಗಳು. ನಡುವಿನಿಂದ ತಾಯಿಗಿಂತ ಎತ್ತರಕ್ಕೆ ಒಂದು ದಂಟು. ದಂಟಿನ ತುಂಬ ಬಿಳಿ ಗಂಟೆಗಳನ್ನು ಕಟ್ಟಿ ಇಳಿಬಿಟ್ಟಂತೆ ಹೂವು.

"ಅಷ್ಟ ಏನು?" ಎಂದೆ ನಾನು, ಇಡೀ ಬಸ್ಸಿಗೆ ಕೇಳುವಂತೆ. "ಬೆಟ್ಟಕ್ಕ ಹೋಗೂದು ಯಾಕ? ಒಂದ ವರ್ಷದಾಗ ನಮ್ಮ ಅಂಗಳದಾಗ ಅರಳಿಸಿ ತೋರಸ್ತೇನಿ."

"ನೀವಾ?" ಎಂದಳು.

ಅಷ್ಟೇ ಅಂದಳು. ನಾನು ಅಲ್ಲಿಗೇ ಎಚ್ಚರಾಗಬೇಕಿತ್ತು.

ಮನೆಗೆ ಬಂದವನೇ ಫೋಟೋ ಇಳಿಸಿ, ಕನ್ನಡಕದ ಮೇಲೆ ಅಂಗಡಿಯ ಭೂತಗನ್ನಡಿ ಹಿಡಿದು ನೋಡಿ, "ಇದು ಕೇದಗಿ" ಎಂದು ತೀರ್ಪು ಕೊಟ್ಟೆ. ಹಳ್ಳದ ದಂಡೆಯಿಂದ ಒಂದು ಕೇದಗಿ ಸಸಿ ಕೀಳಿಸಿ ತಂದೆ. ತರುವಾಗ ಎರಡೂ ಮುಂಗೈ ಹರಿದುಕೊಂಡೆ. ಗಿರಿಜ ಅದನ್ನು ನೋಡಲೂ ಇಲ್ಲ, ಬೆರಳಿನಿಂದಲೇ ಗುರುತಿಸಿದಳು.

"ಕೇದಗಿ ನನಗ ಗೊತ್ತಿಲ್ಲೇನ್ರಿ? ಜಡಿಗೆ ಹಾಕ್ಕೊಂಡು ಬೆಳದಾಕಿ ನಾ. ಆ ಎಲಿಗೆ ಮುಳ್ಳು ಇದ್ದಿದ್ದಿಲ್ಲ. ಅಂಚಿಗೆ ಬಿಳೇ ದಾರ ಇರತಿದ್ದುವು, ಸೀರಿ ಸೆರಗಿನ ಎಳಿ ಬಿಚ್ಚಿಧಂಗ."

"ಎಲಿಗೆ ದಾರಾ ಇರತಾವೇನು? ಸಣ್ಣಾಕಿ ಇದ್ದಿ, ಏನೋ ನೋಡೀದಿ," ಎಂದೆ. ನಲವತ್ತು ವರ್ಷ ರೈತರ ಮಾತನ್ನೂ ಹೀಗೆಯೇ ಕೇಳಿಸಿಕೊಂಡು ರೂಢಿ.

ಕೊನೆಗೆ ಸೊಸೆ ಸುಮಾ ಫೋಟೋದ ಮೇಲೆ ಮೊಬೈಲ್ ಹಿಡಿದಳು. ಮೊಬೈಲ್ ಮೊದಲು ಗಿರಿಜಳ ತಾಯಿಯ ಸೀರೆಗೆ ಸುತ್ತು ಹಾಕಿ, ಇಂಥ ಸೀರೆ ಎಲ್ಲಿ ಸಿಗುತ್ತದೆಂದು ತೋರಿಸಿತು. ಆಮೇಲೆ ದಾರಿಗೆ ಬಂದು ಗಿಡದ ಹೆಸರು ಹೇಳಿತು. ಯುಕ್ಕಾ.

"ಮಾವಾರ, ಅತ್ತಿ ಹೇಳಿದ್ದು ಖರೇ. ಎಲಿ ಅಂಚಿಗೆ ದಾರ ಇರೋ ಜಾತಿನೂ ಐತಂತ," ಎಂದು ಸುಮಾ ಓದತೊಡಗಿದಳು. "ಥಂಡಿ ಹವಾ ಇದ್ದ ದೇಶದಾಗ ಅಂಗಳದಾಗ ಬೆಳೀತಾರಂತ. ಹಿಮ ಬಿದ್ರೂ ಸಾಯೂದಿಲ್ಲಂತ. ಮತ್ತ ಇಲ್ಲಿ ಏನೈತಿ ಅಂದ್ರ..."

"ಸಾಕು," ಎಂದೆ. "ಥಂಡಿ ಬೇಕು. ತಿಳೀತು."

ಔಷಧಿ ಡಬ್ಬಿಯ ಮೇಲಿನ ಚೀಟಿಯನ್ನು ಕೊನೆಯ ಸಾಲಿನತನಕ ಓದದೆ ಹೊಲಕ್ಕೆ ಹೊಡೆಯುವ ರೈತರಿಗೆ ಬುದ್ಧಿ ಹೇಳುತ್ತಲೇ ನಾನು ಮುದುಕನಾದವನು. ಮುಂದಿನ ಸಾಲಿನಲ್ಲಿ ಏನಿತ್ತೆಂದು ನನಗೆ ತಿಳಿಯುವ ಹೊತ್ತಿಗೆ ಗಿಡ ಸತ್ತಿತ್ತು.

ಶಿಗ್ಗಾಂವಿಯಿಂದ ಆಚೆ ಹೆದ್ದಾರಿ ಬದಿಗೆ ಒಂದು ನರ್ಸರಿ ಇದೆ. ಮೂವರೂ ಹೋದೆವು. ನರ್ಸರಿಯವ ಮೂಲೆಯ ಸಾಲಿಗೆ ಕರೆದೊಯ್ದ.

"ಇದರ ಹೆಸರೇನಪಾ?" ಎಂದೆ.

"ಶೋ ಗಿಡ ರೀ."

"ಅಲ್ಲೋ, ಜಾತಿ ಯಾವುದು?"

"ಶೋ ಜಾತೀನ ರೀ."

"ಹೂವು ಬಿಡತೈತೇನು?"

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಶೋ ಗಿಡಕ್ಕ ಹೂವು ಯಾಕ ರೀ?"

ಅಷ್ಟರಲ್ಲಿ ಗಿರಿಜ ಅಲ್ಲಿಯೇ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಒಂದು ಕುಂಡದ ಎಲೆಯ ಅಂಚಿಗೆ ಬೆರಳು ಸವರುತ್ತಿದ್ದಳು. ಬೆರಳಿಗೆ ಒಂದು ಬಿಳಿ ಎಳೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳಲಿಲ್ಲ. "ಇದ," ಎಂದಳು. "ಇದ ರೀ." ಮದುವೆಯಾದಂದಿನಿಂದ ಆಕೆ ನನ್ನನ್ನು ಹಾಗೆ ಒಂದು ಸಲವೂ ಮುಟ್ಟಿರಲಿಲ್ಲ. ಒಂದು ಗಿಡದ ಮೇಲೆ ಹೊಟ್ಟೆಕಿಚ್ಚು ಪಡುವ ವಯಸ್ಸಲ್ಲ ನನ್ನದು. ಆದರೂ ಪಟ್ಟೆ.

ಗಿಡ ಮನೆಗೆ ಬಂತು, ನನ್ನ ಆಡಳಿತವೂ ಆರಂಭವಾಯಿತು. ಗಿರಿಜ ಅದನ್ನು ಅಂಗಳದ ಬಿಸಿಲಿನಲ್ಲಿ ಇಟ್ಟಿದ್ದಳು. ನಾನು ಎತ್ತಿ ಬಚ್ಚಲುಮನೆಗೆ ಒಯ್ದೆ, ಮನೆಯಲ್ಲಿ ತಂಪಾದ ಜಾಗ ಅದೇ ಎಂದು. ಸ್ನಾನಕ್ಕೆ ಹೋದವರಿಗೆಲ್ಲ ಅದು ಚುಚ್ಚಿತು. ಚುಚ್ಚಿಸಿಕೊಂಡವನು ಮೊದಲು ಮಗ. ಎಲ್ಲಿ ಚುಚ್ಚಿತೆಂದು ಬರೆಯುವುದಿಲ್ಲ. ಅವನು ಮಾತು ಬಿಟ್ಟ. ಹಿತ್ತಲಿನ ನೆರಳಿಗೆ ಸಾಗಿಸಿ ಕುಂಡಕ್ಕೆ ಒದ್ದೆ ಗೋಣಿಚೀಲ ಸುತ್ತಿದೆ. ಬೇಸಿಗೆ ಏರಿತು. ಸೋಡಾ ಅಂಗಡಿಯಿಂದ ಬರ್ಫಿನ ಚೂರು ತಂದು ಬುಡಕ್ಕೆ ಹಾಕತೊಡಗಿದೆ. ನೆರೆಯವರು ಗೋಡೆಯ ಮೇಲಿಂದ, "ಯಾರಿಗೆ ಜ್ವರ ಬಂದೈತ್ರಿ?" ಎಂದು ಕೇಳಿದರು.

"ಅದಕ್ಕ ಇಷ್ಟು ನೀರು ಬೇಕಾಗೂದಿಲ್ಲಂತ ಅನಸ್ತೈತ್ರಿ," ಎಂದಳು ಗಿರಿಜ. "ಅಲ್ಲಿ ನಮ್ಮ ಕ್ವಾರ್ಟರ್ಸಿನ ಮುಂದ ಕಲ್ಲಾಗ ನಿಂತಿತ್ತು. ಅವ್ವ ನೀರು ಹಾಕಿದ್ದು ನಾ ನೋಡಿಲ್ಲ."

"ಅಲ್ಲಿ ಮಂಜು ಬೀಳತಿತ್ತು. ಮಂಜು ಅಂದ್ರ ನೀರ," ಎಂದೆ.

ಇಂಥ ಮಾತಿಗೆ ಉತ್ತರ ಕೊಡುವುದನ್ನು ಆಕೆ ಯಾವಾಗಲೋ ಬಿಟ್ಟಿದ್ದಾಳೆ.

ಆಗ ನನಗೊಂದು ಮಹತ್ವದ ವಿಚಾರ ಹೊಳೆಯಿತು. ಈ ಸೀಮೆಯಲ್ಲಿ ನಡುಬೇಸಿಗೆಯಲ್ಲೂ ಮೈ ನಡುಗುವಷ್ಟು ತಂಪು ಎಲ್ಲಿದೆ? ಸವಣೂರಿನ ಎಲೆತೋಟದಲ್ಲಿ. ವೀಳ್ಯದೆಲೆಯ ಬಳ್ಳಿ ಬೆಳೆಸುವ ತೋಟ ನೀವು ನೋಡಿರಬಹುದು. ಒತ್ತೊತ್ತಾಗಿ ನುಗ್ಗೆ, ಚೊಗಚಿ ಗಿಡಗಳು. ಅವುಗಳಿಗೆ ಹಬ್ಬಿದ ಬಳ್ಳಿ. ನೆಲಕ್ಕೆ ಬಿಸಿಲೇ ಬೀಳದು. ಸಾಲು ಕಾಲುವೆಗಳಲ್ಲಿ ನೀರು. ಚಪ್ಪಲಿ ಹೊರಗೆ ಬಿಟ್ಟು, ದೇವರ ಗುಡಿಗೆ ಹೋದಂತೆ ಒಳಗೆ ಹೋಗಬೇಕು. ಅಂಥ ತೋಟದ ಯಜಮಾನ ಹುಸೇನಸಾಬ ನನ್ನ ಹಳೆಯ ಗಿರಾಕಿ, ಗೆಳೆಯ.

ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಸವಣೂರಿನ ಬಸ್ಸು ಹತ್ತಿದೆ. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಎಲೆಯ ತುದಿ ಮುಂದೆ ಕುಳಿತವನ ಕುತ್ತಿಗೆಗೆ ನಮಸ್ಕಾರ ಮಾಡಿತು. ಮೊದಲನೆಯ ಸಲ ಆತ ಸೊಳ್ಳೆಯೆಂದು ಹೊಡೆದುಕೊಂಡ. ಎರಡನೆಯ ಸಲ ಪಕ್ಕದವನನ್ನು ಅನುಮಾನದಿಂದ ನೋಡಿದ. ಮೂರನೆಯ ಸಲ ಹಿಂದೆ ತಿರುಗಿದ.

"ಹಿರ್ಯಾರ, ಇದನ್ನ ಯಾರಿಗೆ ಚುಚ್ಚಾಕ ಒಯ್ಯಾಕತ್ತೀರಿ?"

"ನನ್ನ ಹೆಂಡತೀಗೆ ರೀ," ಎಂದುಬಿಟ್ಟೆ. ಹೆಂಡತಿಗೋಸ್ಕರ ಎನ್ನಬೇಕೆಂದಿದ್ದೆ. ಆತ ಎದ್ದು ಬೇರೆ ಸೀಟಿಗೆ ಹೋದ.

ಹುಸೇನಸಾಬ ಗಿಡವನ್ನು ಸುತ್ತಲೂ ತಿರುಗಿ ನೋಡಿದ. "ಸಾವ್ಕಾರ್ರ, ಕತ್ತಾಳಿ ಬಳಗ ಇದ್ಧಂಗ ಕಾಣತೈತಲ್ರಿ. ಇದಕ್ಕ ಇಷ್ಟು ತಂಪು ಯಾಕ?"

"ಬೆಟ್ಟದ ಗಿಡ ಮಾರಾಯಾ. ಥಂಡಿ ದೇಶದ್ದು. ನೀ ಎಲಿಬಳ್ಳಿಗೆ ಮಾಡೋ ಹಂಗ ಮಾಡು."

"ನಿಮ್ಮ ಮಾತಿಗೆ ನಾ ಇಲ್ಲ ಅಂದೇನಿ? ಆದ್ರ ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ಗಿರಿಜ ದಿನವೂ ಕೇಳುತ್ತಿದ್ದಳು. "ಹೆಂಗೈತಂತ್ರಿ?" ನಾನು, "ತವರಮನಿಗೆ ಹೋಧಂಗ ಆಗೈತಂತ" ಎನ್ನುತ್ತಿದ್ದೆ. ತವರಿನ ಮಾತು ಬಂದರೆ ಆಕೆಯ ಮುಖ ತಿಳಿಯಾಗುತ್ತಿತ್ತು. ಅಷ್ಟರಲ್ಲಿ ಆಕೆಯ ನೋಟ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಇಳಿದಿತ್ತು. ಎದುರಿಗಿದ್ದದ್ದು ಮಸುಕಾಗಿ ಕಾಣುತ್ತಿತ್ತು, ಪಕ್ಕದ್ದು ಇಲ್ಲ. ಊಟಕ್ಕೆ ಕುಳಿತರೆ ತಾಟಿನ ಅಂಚನ್ನು ಬೆರಳಿನಿಂದ ಹುಡುಕಿಕೊಳ್ಳುತ್ತಿದ್ದಳು.

ಒಂದು ಮುಂಜಾನೆ ಹುಸೇನಸಾಬನ ಫೋನು ಬಂತು. "ಸಾವ್ಕಾರ್ರ, ನಿಮ್ಮ ಗಿಡ ಮಕ್ಕೊಂಡೈತಿ."

"ಮಕ್ಕೊಂಡೈತಿ ಅಂದ್ರ?"

"ಮಕ್ಕೊಂಡ್ರ ಏಳತೈತಲ್ರಿ? ಇದು ಏಳೂದಿಲ್ಲ."

ಓಡಿದೆ. ಎಲೆಗಳ ಗೊಂಚಲನ್ನು ಹಿಡಿದು ನೆಟ್ಟಗೆ ಮಾಡಹೋದರೆ ಇಡೀ ಗೊಂಚಲು ಕೈಗೇ ಬಂತು. ಬುಡ ಕೊಳೆತ ಬಾಳೆಹಣ್ಣಿನಂತಾಗಿತ್ತು, ವಾಸನೆಯೂ ಹಾಗೆಯೇ. ದಿನಾ ನೀರಿನಲ್ಲಿ ನಿಂತಿದ್ದ ಬೇರು ಬೇರಾಗಿಯೇ ಉಳಿದಿರಲಿಲ್ಲ. ಬಿಸಿಲು, ಕಲ್ಲುನೆಲ, ಒಣ ಬುಡ, ಇವು ಬೇಕು. ಥಂಡಿಯನ್ನು ಅದು ತಡೆಯುತ್ತದೆ ಅಷ್ಟೇ, ಬೇಡುವುದಿಲ್ಲ. ಸುಮಾಳ ಮೊಬೈಲಿನ ಮುಂದಿನ ಸಾಲು ಇದೇ ಆಗಿತ್ತು.

ಹುಸೇನಸಾಬ ಬಳ್ಳಿಯ ಸಾಲಿಗೆ ಹೋಗಿ ಬಂದ. ಒಂದು ಕಟ್ಟು ವೀಳ್ಯದೆಲೆ ಕೈಗೆ ಕೊಟ್ಟ. ಸಾವಿನ ಮನೆಗೆ ಬಂದವರಿಗೆ ಏನಾದರೂ ಕೊಟ್ಟು ಕಳಿಸುವಂತೆ ಕೊಟ್ಟ.

ಈಗ ನಾನು ಮಾಡಬೇಕಿದ್ದದ್ದು ಬಹಳ ಸರಳ. ಮನೆಗೆ ಹೋಗಿ, "ಗಿರಿಜಾ, ಗಿಡ ಸತ್ತಿತು, ನಾನ ಸಾಯಿಸಿದೆ" ಎನ್ನಬೇಕಿತ್ತು. ಬಸ್ಸಿನಲ್ಲಿ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದೆ. ಆದರೆ ನಮ್ಮ ಹೊಲದ ಹತ್ತಿರ ಬಸ್ಸು ನಿಧಾನವಾಯಿತು. ಹೊಲದ ಬೇಲಿಗೆ ಕತ್ತಾಳೆ ಇದೆ. ಕತ್ತಿಯಂಥ ಎಲೆ. ನೆಲದಿಂದಲೇ ಎದ್ದದ್ದು. ಕೊಳವೆಯೊಳಗಿಂದ ನೋಡುವವರಿಗೆ ಯುಕ್ಕಾ ಯಾವುದು, ಕತ್ತಾಳೆ ಯಾವುದು? ಬಸ್ಸು ಇಳಿದುಬಿಟ್ಟೆ.

ತೋಟದಿಂದ ಮರಳಿ ತಂದಿದ್ದ ಖಾಲಿ ಕುಂಡದಲ್ಲಿ ಕತ್ತಾಳೆ ಮರಿಯನ್ನು ನೆಟ್ಟು ತಂದು ಅಂಗಳದಲ್ಲಿ ಇಟ್ಟೆ. "ಬಂತು ನೋಡು ನಿನ್ನ ಗಿಡ. ತಂಪಿಗೆ ಹೆಂಗ ಮೈ ಬಂದೈತಿ!"

ಗಿರಿಜ ಮೆಲ್ಲಗೆ ಬಂದು ಎದುರಿಗೆ ಕುಳಿತಳು. ಕೈ ಚಾಚಿದಳು. ಒಂದು ಎಲೆಯನ್ನು ಬುಡದಿಂದ ತುದಿಯತನಕ ಸವರಿದಳು. ಹೆಬ್ಬೆರಳಿಗೆ ಮುಳ್ಳು ನೆಟ್ಟು ಒಂದು ಹನಿ ರಕ್ತ ಬಂತು. ಅದನ್ನು ಸೆರಗಿಗೆ ಒರೆಸಿಕೊಂಡು, "ಹೌದ್ರಿ, ಮೈ ಬಂದೈತಿ" ಎಂದಳು.

ಆ ರಾತ್ರಿ ನಾನು ನೆಮ್ಮದಿಯಾಗಿ ಗೊರಕೆ ಹೊಡೆದೆನಂತೆ.

ಆದರೆ ಸುಳ್ಳಿಗೆ ಆರೈಕೆ ಬೇಕು. ಯುಕ್ಕಾಗೆ ಬೇಕಾದದ್ದಕ್ಕಿಂತ ಹೆಚ್ಚು ಬೇಕು. ಆಕೆ ಇನ್ನೊಮ್ಮೆ ಸವರಿದರೆ ಮುಳ್ಳು ಸಿಗಬಾರದೆಂದು ಮರುದಿನ ಬೆಳಿಗ್ಗೆ ಉಗುರು ತೆಗೆಯುವ ಕಟರು ಹಿಡಿದು ಕುಂಡದ ಮುಂದೆ ಕುಳಿತೆ. ಒಂದೊಂದೇ ಮುಳ್ಳನ್ನು ಕಟ್ ಕಟ್ ಎಂದು ತೆಗೆಯತೊಡಗಿದೆ. ಹಿಂದೆ ಸುಮಾ ಬಂದು ನಿಂತಿದ್ದಳು.

"ಮಾವಾರ, ಏನ್ ಮಾಡಾಕತ್ತೀರಿ?"

"ಉಗುರು ತಗ್ಯಾಕತ್ತೇನಿ."

"ಯಾರದು?"

ನಾನು ಕಟರನ್ನು ಜೇಬಿಗೆ ಹಾಕಿಕೊಂಡೆ. ಸುಮಾ ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮ ಸೊಸೆ ಬಹಳ ಒಳ್ಳೆಯವಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು.

ಮುಳ್ಳು ಹೋಯಿತು. ದಾರ? ಒಂದು ಸಂಜೆ ಗಿರಿಜ, "ಇದಕ್ಕ ದಾರ ಇದ್ದುವಲ್ರಿ?" ಎಂದು ಸುಮ್ಮನೆ ಕೇಳಿದಳು. "ತಂಪಿಗೆ ಉದುರಿದ್ದುವು, ಮತ್ತ ಬರತಾವ" ಎಂದೆ. ಬಂದವು. ಹೊಲಿಗೆ ಪೆಟ್ಟಿಗೆಯಿಂದ ಬಿಳಿ ನೂಲು ತೆಗೆದು ಸಣ್ಣ ಸಣ್ಣಗೆ ತುಂಡರಿಸಿ, ಗೋಂದು ಹಚ್ಚಿ, ಎಲೆಗಳ ಅಂಚಿಗೆ ಅಂಟಿಸಿದೆ. ಬೀಜ-ಗೊಬ್ಬರದ ಅಂಗಡಿಯ ಹಿರಿಯ ಮಾಲೀಕ, ಊರ ಪಂಚರಲ್ಲಿ ಒಬ್ಬ, ಕತ್ತಾಳೆಗೆ ನೂಲು ಅಂಟಿಸುತ್ತ ಅಂಗಳದಲ್ಲಿ ಕುಳಿತ. ಒಂದೊಂದು ನೂಲು ಬೆರಳಿಗೇ ಅಂಟಿಕೊಂಡು ಬರುತ್ತಿತ್ತು. ಆ ಬೆರಳುಗಳಿಂದಲೇ ಒಂದು ರಾಜಿ ಪಂಚಾಯಿತಿಗೂ ಹೋಗಿಬಂದೆ.

ಆ ದಿನಗಳ ಬಗ್ಗೆ ಒಂದು ಮಾತು ಹೇಳಬೇಕು. ಅಂಗಡಿಯ ವರ್ಷಗಳಲ್ಲಿ ನಾನು ಹೊತ್ತು ಮೂಡುವ ಮೊದಲೇ ಮನೆ ಬಿಡುತ್ತಿದ್ದೆ. ಗಿರಿಜ ಮುಂಜಾನೆ ಏನು ಮಾಡುತ್ತಾಳೆಂದು ನನಗೆ ತಿಳಿದಿರಲಿಲ್ಲ. ಈಗ ಆಕೆ ಕುಂಡದ ಮುಂದೆ ಕೂಡುತ್ತಿದ್ದಳು, ನಾನು ಚಹಾದ ಕಪ್ಪು ಹಿಡಿದು ಪಕ್ಕಕ್ಕೆ ಕೂಡುತ್ತಿದ್ದೆ. ಬೆಟ್ಟದ ಮಾತು ಹೇಳುತ್ತಿದ್ದಳು. ಅಲ್ಲಿ ಉಸಿರು ಬಿಟ್ಟರೆ ಹೊಗೆ ಬರುತ್ತಿದ್ದದ್ದು, ಅವ್ವ ಒದ್ದೆ ಸೀರೆಯನ್ನು ಒಲೆಯ ಮೇಲೆ ಹಿಡಿದು ಒಣಗಿಸುತ್ತಿದ್ದದ್ದು, ಅವ್ವನ ಧ್ವನಿ ಹೇಗಿತ್ತೆಂದು ಎಷ್ಟು ನೆನೆದರೂ ಬಾರದೆ ಹೋದದ್ದು. ನಾನು ಕೇಳುತ್ತಿದ್ದೆ. ಇಷ್ಟು ವರ್ಷ ಇದೆಲ್ಲ ನನಗೆ ಗೊತ್ತೇ ಇರಲಿಲ್ಲವಲ್ಲ ಎನ್ನಿಸುತ್ತಿತ್ತು. ಒಂದು ನಕಲಿ ಗಿಡದ ಮುಂದೆ ನನಗೆ ಹೆಂಡತಿ ಸಿಕ್ಕಿದ್ದಳು. ಖರೇ ಹೇಳಿದರೆ ಇದೂ ಹೋಗುತ್ತದೆ ಎಂದು ಇನ್ನಷ್ಟು ನೂಲು ಅಂಟಿಸಿದೆ.

ಮಳೆಗಾಲ ಬಂತು. ಮೊದಲ ದೊಡ್ಡ ಮಳೆ ಬಿದ್ದ ಮಧ್ಯಾಹ್ನ ನಾನು ಕುಂಡವನ್ನು ಒಳಗಿಡಲು ಮರೆತು ಮಲಗಿದ್ದೆ. ಎದ್ದು ಬರುವಷ್ಟರಲ್ಲಿ ಗೋಂದು ಕರಗಿ, ಎಲೆಗಳ ಮೇಲೆ ಅಂಬಲಿಯಂತೆ ಇಳಿದು, ನೂಲುಗಳೆಲ್ಲ ಕುಂಡದ ಸುತ್ತ ಶಾವಿಗೆ ಚೆಲ್ಲಿದಂತೆ ಬಿದ್ದಿದ್ದವು. ಎರಡು ಗುಬ್ಬಿಗಳು ಅವನ್ನು ಗೂಡಿಗೆ ಒಯ್ಯುತ್ತಿದ್ದವು. ಗಿರಿಜ ಬಾಗಿಲಲ್ಲಿ ನಿಂತಿದ್ದಳು.

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಎಲೆತೋಟ, ಕೊಳೆತ ಬುಡ, ಬೇಲಿ, ಉಗುರಿನ ಕಟರು, ಎಲ್ಲ. ಹೇಳುವಾಗ ತಲೆ ತಗ್ಗಿಸಿದ್ದೆ. ಮುಗಿದ ಮೇಲೂ ತಗ್ಗಿಸಿಯೇ ಇದ್ದೆ.

"ನನಗ ಮೊದಲನೇ ದಿನಾನ ಗೊತ್ತಾತ್ರಿ," ಎಂದಳು.

"ಮೊದಲನೇ ದಿನಾನ?"

"ನಮ್ಮಜ್ಜ ಹಗ್ಗ ಹೊಸೀತಿದ್ದ. ಕತ್ತಾಳಿ ಜಜ್ಜಿ ಜಜ್ಜಿ ಬೆಳದ ಕೈ ಇವು. ಕಣ್ಣು ಮಂದ ಆಗ್ಯಾವ, ಕೈ ಆಗಿಲ್ಲ."

"ಮತ್ತ ಯಾಕ ಸುಮ್ಮಕಿದ್ದಿ?"

"ಹೇಳಿದ್ರ ನೀವು ಮುಂಜಾನೆ ನನ್ನ ಹತ್ರ ಕುಂಡ್ರತಿದ್ರೇನು?"

ನನಗೆ ಒಂದು ಕ್ಷಣ ಹಿತವಾಯಿತು. ಅದೇ ಆಕೆಯ ಕೊನೆಯ ಮಾತಾಗಿದ್ದರೆ ಈ ಕತೆಯನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಆದರೆ ಆಕೆ ಮಾತು ಮುಗಿಸಿರಲಿಲ್ಲ.

"ಆದ್ರ ಒಂದು ಹೇಳತೇನಿ. ಹೂವು ಬರೂದಿಲ್ಲಂತ ಗೊತ್ತಿದ್ದೂ ದಿನಾ ಕಾದಂಗ ಮಾಡೂದು ಭಾಳ ತ್ರಾಸ ರೀ. ಬ್ಯಾಸಿಗ್ಯಾಗ ನನಗ ನಿಮ್ಮ ಮಾರಿ ಇನ್ನಾ ಚಲೋ ಕಾಣತಿತ್ತು. ಈಗ ಕಾಣೂದಿಲ್ಲ. ಅಷ್ಟು ದಿನಾ ಹ್ವಾದುವು."

ಆಗ ನನಗೆ ನಾನು ಮಾಡಿದ್ದೇನೆಂದು ತಿಳಿಯಿತು. ಗಿಡ ಸತ್ತದ್ದಕ್ಕೆ ಕ್ಷಮೆಯುಂಟು. ಆಕೆಯ ಬಳಿ ಇದ್ದದ್ದೇ ಕೆಲವು ತಿಂಗಳ ಬೆಳಕು. ಅದನ್ನು ನಾನು ಕತ್ತಾಳೆಯ ಮುಂದೆ ಕೂಡಿಸಿ ಖರ್ಚು ಮಾಡಿಸಿದ್ದೆ.

ಮರುದಿನ ಗಿರಿಜ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಮಾಳ ಕೈ ಹಿಡಿದು, ವಾರಕ್ಕೊಮ್ಮೆ ಮಠದಲ್ಲಿ ವಚನ ಹಾಡಲು ಸೇರುವ ಹೆಂಗಸರ ಬಳಿಗೆ ಹೋದಳು. ಹಾಡು ಮುಗಿದ ಮೇಲೆ ಫೋಟೋ ತೋರಿಸಿ, "ಇಂಥ ಹೂವು ಯಾರರೆ ಎಲ್ಲೆರೆ ನೋಡೀರೇನ್ರವಾ?" ಎಂದು ಕೇಳಿದಳಂತೆ. ಬಂಕಾಪುರಕ್ಕೆ ಮಗಳನ್ನು ಕೊಟ್ಟ ಒಬ್ಬ ಹೆಂಗಸು ಕೂಡಲೇ ಹೇಳಿದಳಂತೆ:

"ಅಯ್ಯ, ಇದು ಹೈವೇದಾಗಿನ ಪೆಟ್ರೋಲ್ ಬಂಕಿನ ಮುಂದ ಐತಲ್ಲ. ನಾ ಮೊನ್ನಿ ಬಸ್ಸಿನ್ಯಾಗಿಂದ ನೋಡೇನಿ. ಬೆಳ್ಳಗ ಅರಳೈತಿ."

ನಾನು ಎರಡು ವರ್ಷ, ಒಂದು ಬಚ್ಚಲುಮನೆ, ಒಂದು ಎಲೆತೋಟ ಮತ್ತು ಒಂದು ಡಬ್ಬಿ ಗೋಂದು ಖರ್ಚು ಮಾಡಿ ಕಂಡುಹಿಡಿಯಲಾರದ್ದನ್ನು ಆಕೆ ಒಂದು ಪ್ರಶ್ನೆಯಲ್ಲಿ ಕಂಡುಹಿಡಿದಳು. ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ಗಿಡದ ವಿಷಯದಲ್ಲಿ ಜನ ನನ್ನನ್ನು ಕೇಳಬೇಕು!

ಅಂದೇ ಹೊರಟೆವು, ಇಬ್ಬರೇ. ಬಂಕಿನ ಮುಂದೆ ಬಸ್ಸು ನಮ್ಮನ್ನು ಇಳಿಸಿ ಹೋಯಿತು. ಜಲ್ಲಿಕಲ್ಲು ಹಾಕಿದ ಕಟ್ಟೆಯ ಮೇಲೆ, ನೆತ್ತಿಯ ಬಿಸಿಲಿನಲ್ಲಿ, ಲಾರಿಗಳ ಧೂಳು ಮೆತ್ತಿಕೊಂಡು ಗಿಡ ನಿಂತಿತ್ತು. ನೆರಳಿಲ್ಲ, ಗೋಣಿಚೀಲವಿಲ್ಲ, ಬರ್ಫಿಲ್ಲ. ಬುಡದಲ್ಲಿ ಯಾರೋ ಉಗುಳಿದ ಎಲೆಅಡಿಕೆಯ ಕೆಂಪು ಮಾತ್ರ ಇತ್ತು. ಕಾಂಡ ಒಂದು ಕಡೆಗೆ ವಾಲಿತ್ತು. ತುದಿಯಲ್ಲಿ ಬಿಳಿ ಗಂಟೆಗಳ ಗೊಂಚಲು ತನ್ನ ಭಾರಕ್ಕೆ ತಾನೇ ಬಾಗಿ ಎದೆಮಟ್ಟಕ್ಕೆ ಬಂದಿತ್ತು.

ಬಂಕಿನ ಮ್ಯಾನೇಜರ್ ಹೊರಗೆ ಬಂದ. "ಹಿರ್ಯಾರ, ಹರೀಬ್ಯಾಡ್ರಿ. ಮಾಲಕರು ಬೈತಾರ."

"ಹರಿಯೂದಿಲ್ಲಪಾ," ಎಂದೆ. "ಒಂದಷ್ಟು ನೋಡತೇವಿ."

"ಇದಕ್ಕ ಏನ್ ಗೊಬ್ಬರ ಹಾಕತೀರಿ?" ಎಂದೂ ಕೇಳಿದೆ. ಚಟ.

"ಗೊಬ್ಬರಾ? ನೀರ ಹಾಕೂದಿಲ್ಲ ರೀ ನಾವು."

ಗಿರಿಜ ಮುಖವನ್ನು ಹೂವಿನ ಹತ್ತಿರ ಒಯ್ದಳು. ಬಹಳ ಹತ್ತಿರ. ಕಣ್ಣು ಕಿರಿದು ಮಾಡಿದಳು, ಅಗಲ ಮಾಡಿದಳು. ಎಲೆಯ ಅಂಚಿಗೆ ಬೆರಳು ಸವರಿದಳು, ಎರಡು ಸಲ.

"ಇದು ಅದಲ್ಲ," ಎಂದಳು.

ನಾನು ಕನ್ನಡಕ ಏರಿಸಿಕೊಂಡು ಎಲೆಯ ಅಂಚನ್ನು ನೋಡಿದೆ.

"ಇದಕ್ಕ ದಾರ ಇಲ್ಲ. ಅದಕ್ಕ ಹಿಂಗ ಎತ್ತರದ ಕಾಂಡಾನೂ ಇದ್ದಿದ್ದಿಲ್ಲ, ಎಲಿ ನೆಲಕ್ಕ ಕುಂತಂಗ ಇದ್ದುವು." ಇನ್ನೊಮ್ಮೆ ಹೂವನ್ನು ಮುಟ್ಟಿದಳು. "ಅದರ ತಂಗಿ ಇರಬೇಕು. ಹೂವು ಮಾತ್ರ ಹಂಗ ಐತಿ. ಬೆಳ್ಳಗ ಏನೋ ತೂಗಾಡಿದಂಗ ಕಾಣತೈತಿ. ಅಷ್ಟ ಕಾಣತೈತಿ."

ದಾರವಿದ್ದ ಗಿಡವನ್ನು ನಾನೇ ಎಲೆತೋಟದ ನೀರಿನಲ್ಲಿ ಮುಳುಗಿಸಿದ್ದೆ. ಇಬ್ಬರಿಗೂ ಅದು ನೆನಪಿತ್ತು.

ಆಮೇಲೆ ಆಕೆ ಒಂದು ಹೂವನ್ನು ಹರಿಯದೆ, ದಂಟು ಸಮೇತ ಬಗ್ಗಿಸಿಕೊಂಡು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಎಂದೂ ಹೇಳಿರದ ಮಾತೊಂದನ್ನು ಆಗ ಹೇಳಿದಳು.

"ಅವ್ವ ಹಿಂಗ ಮಾಡತಿದ್ದಳು. ನನ್ನ ಕಿವಿ ಹತ್ರ ಹಿಡದು ಅಳ್ಳಾಡಿಸಿ, ಗಂಟಿ ಕೇಳಸ್ತೈತೇನು ಅಂತಿದ್ದಳು. ನಾ ಹೂಂ ಅಂತಿದ್ದೆ."

"ಈಗ ಕೇಳಸ್ತೈತೇನು?"

"ಈಗ ಲಾರಿ ಕೇಳಸ್ತೈತಿ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅದೇ ದಂಟನ್ನು ನನ್ನ ಕಡೆಗೆ ತಿರುಗಿಸಿ ನನ್ನ ಎಡಗಿವಿಯ ಬಳಿ ಅಲ್ಲಾಡಿಸಿದಳು. "ನಿಮಗ?"

ಇದು ಪಾಪ ಕಳೆದುಕೊಳ್ಳುವ ಗಳಿಗೆಯೆಂದು ನನಗೆ ತಿಳಿಯಿತು. "ಹೂಂ," ಎಂದೆ, ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ. "ಚಂದ ಕೇಳಸ್ತೈತಿ."

"ಆ ಕಿವಿ ನಿಮಗ ಹದಿನೈದು ವರ್ಷಾತು ಕೇಳಸೂದಿಲ್ಲಲ್ರೀ," ಎಂದಳು ಗಿರಿಜ.

ಮ್ಯಾನೇಜರ್ ಅತ್ತ ತಿರುಗಿ ಕೆಮ್ಮಿದ. ನನಗೆ ನಾಚಿಕೆಯಾಯಿತು. ಇನ್ನು ಮೇಲೆ ಈಕೆಗೆ ಒಂದು ಸುಳ್ಳೂ ಹೇಳುವುದಿಲ್ಲ ಎಂದು ಅಲ್ಲೇ, ಜಲ್ಲಿಕಲ್ಲಿನ ಮೇಲೆ ನಿಂತು ನಿಶ್ಚಯ ಮಾಡಿಕೊಂಡೆ. ಅಷ್ಟರಲ್ಲಿ ಆಕೆ ಹೂವನ್ನು ನನ್ನ ಬಲಗಿವಿಯ ಕಡೆಗೆ ತಂದಿದ್ದಳು. ಮತ್ತೆ ಅಲ್ಲಾಡಿಸಿದಳು. "ಈಗ?"

ನಾನು ಉಸಿರು ಬಿಗಿಹಿಡಿದು ಕೇಳಿದೆ. ಎಸಳು ಎಸಳಿಗೆ ತಾಗಿದ್ದೂ ಕೇಳಲಿಲ್ಲ.

"ಇಲ್ಲ," ಎಂದೆ. "ಏನೂ ಕೇಳಸೂದಿಲ್ಲ."

ಆಕೆಯ ಮುಖ ಸಣ್ಣದಾಯಿತು. "ಹೂಂ ಅಂದಿದ್ರ ನಿಮ್ಮ ಗಂಟೇನ್ ಹೋಗತಿತ್ರಿ?"

"ಹೂಂ! ಹೂಂ, ಕೇಳಸ್ತೈತಿ," ಎಂದೆ ಕೂಡಲೇ. ಅಷ್ಟರಲ್ಲಿ ಆಕೆ ದಂಟನ್ನು ಬಿಟ್ಟಾಗಿತ್ತು.